ಕೊನೆ ಬರೆಯದ ನಾಟಕ

ಪುಣೆಯ ವಾರ್ಜೆ ಕಡೆ, ಕೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ನಾಕಾದಲ್ಲಿ ಬೆಳಿಗ್ಗೆ ಹೊತ್ತು ನಿಂತರೆ ಮರಾಠಿಯ ಜೊತೆಗೆ ಕಲಬುರಗಿ, ವಿಜಯಪುರದ ಕನ್ನಡವೂ ಕಿವಿಗೆ ಬೀಳುತ್ತದೆ. ಬುತ್ತಿ ಕಟ್ಟಿಕೊಂಡು ಬಂದವರು, ಕೂಲಿಗೆ ಆಳು ಕರೆದೊಯ್ಯುವ ಮುಕಾದಮನ ದಾರಿ ಕಾಯುತ್ತಿರುತ್ತಾರೆ. ಇವರ ಜೊತೆ ನಾಟಕ ಮಾಡಿಸುವುದು ನನ್ನ ಕೆಲಸ. ‘ನಾಟಕದಿಂದ ಏನಾದರೂ ಬದಲಾಗುತ್ತಾ?’ ಅಂತ ಗೆಳೆಯರು ಕೇಳುತ್ತಾರೆ. ನಾನು ಮೊದಲು ಮಾಡಿಸಿದ ನಾಟಕದಿಂದ ಏನೂ ಆಗಲಿಲ್ಲ.

ಅದರಲ್ಲಿ ಮುಕಾದಮ ಪಗಾರ ಮುರಿದುಕೊಳ್ಳುತ್ತಾನೆ. ಕೂಲಿಯವರು ಒಂದಾಗಿ ಎದುರು ನಿಲ್ಲುತ್ತಾರೆ. ಅವನು ‘ತಪ್ಪಾಯಿತು’ ಅನ್ನುತ್ತಾನೆ. ಆಮೇಲೆ ಹಾಡು. ಚಪ್ಪಾಳೆಯೇನೋ ಚೆನ್ನಾಗಿಯೇ ಬಿತ್ತು. ಗಾರೆ ಕೆಲಸದ ಹೆಂಗಸೊಬ್ಬಳು ಮಾತ್ರ ಹತ್ತಿರ ಬಂದು, ‘ನಿಮ್ ನಾಟಕದಾಗ ಮುಕಾದಮ ಹೆದರ್ತಾನ್ರಿ. ನಾಳೆ ನಾಕಾದಾಗ ಹೆದರಂಗಿಲ್ಲ’ ಅಂದಳು. ಇಷ್ಟು ನೇರವಾದ ವಿಮರ್ಶೆ ನನಗೆ ಯಾವ ಪತ್ರಿಕೆಯಲ್ಲೂ ಸಿಕ್ಕಿಲ್ಲ.

ಆಮೇಲೆ ನಾನು ಫೋರಂ ಥಿಯೇಟರ್ ಕಡೆ ಹೊರಳಿದೆ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ 1970ರ ದಶಕದಲ್ಲಿ ಕಟ್ಟಿದ ಪದ್ಧತಿ ಅದು. ಹತ್ತು ನಿಮಿಷದ ನಾಟಕ, ಸೋಲಿನಲ್ಲೇ ನಿಲ್ಲುತ್ತದೆ. ಮತ್ತೆ ಮೊದಲಿಂದ ಶುರು. ಈ ಸಲ ನೋಡುವವರು ಯಾರು ಬೇಕಾದರೂ ‘ತಡೀರಿ’ ಅಂತ ಕೂಗಬಹುದು, ಎದ್ದು ಬಂದು ಕೂಲಿಯವಳ ಜಾಗದಲ್ಲಿ ನಿಂತು ಬೇರೆ ದಾರಿ ಹಿಡಿಯಬಹುದು. ಮುಕಾದಮನ ಜಾಗಕ್ಕೆ ಮಾತ್ರ ಯಾರೂ ಹೋಗುವಂತಿಲ್ಲ. ಅವನನ್ನೇ ಒಳ್ಳೆಯವನನ್ನಾಗಿ ಮಾಡಿಬಿಟ್ಟರೆ ಆಟ ಮುಗಿದೇಹೋಯಿತಲ್ವಾ? ಆ ಪಾತ್ರ ಮಾಡುವವನಿಗೆ ನಾನು ಹೇಳುವುದು ಒಂದೇ: ಸುಮ್ನೆ ಸೋಲಬೇಡ.

ಹೊಸ ನಾಟಕ ಒಂದು ಕಾಗದದ ಕುರಿತು, ದುಡಿದದ್ದಕ್ಕೆ ಪುರಾವೆಯಾಗುವ ಕಾಗದ. ಕಟ್ಟಡ ಕಾರ್ಮಿಕರ ಕಾನೂನಿನ ಪ್ರಕಾರ 18ರಿಂದ 60 ವರ್ಷದೊಳಗಿನವರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಆದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ನಾಕಾದವರು ಇವತ್ತು ಒಬ್ಬನ ಹತ್ತಿರ, ನಾಳೆ ಇನ್ನೊಬ್ಬನ ಹತ್ತಿರ. ದುಡಿದದ್ದಕ್ಕೆ ಬರಹದಲ್ಲಿ ಗುರುತೇ ಇಲ್ಲ. ನಾನು ಹೊರಟದ್ದು ಪಗಾರದ ನಾಟಕಕ್ಕೆ. ಈ ಗಂಟು ತೋರಿಸಿದವರು ನೋಡಲು ಕೂತವರು. ಒಬ್ಬರು ಎದ್ದು ಮುಕಾದಮನ ಕಾಲು ಹಿಡಿದರು, ಇನ್ನೊಬ್ಬರು ಜಗಳಕ್ಕೆ ನಿಂತರು, ಇಬ್ಬರೂ ಸೋತರು. ಗಾರೆ ಕೆಲಸದ ಅದೇ ಹೆಂಗಸು ಎದ್ದು ಬಂದಳು. ಖಾಲಿ ಕೈಯನ್ನೇ ನೋಟ್‌ಬುಕ್ಕಿನಂತೆ ಚಾಚಿ, ‘ಇವತ್ತಿನ ತಾರೀಖು ಹಾಕಿ ಸಹಿ ಮಾಡ್ರಿ. ಪಗಾರ ಸಂಜಿಗೆ ನೋಡೂಣು’ ಅಂದಳು. ಮುಕಾದಮನಾಗಿದ್ದ ಹುಡುಗ ತಬ್ಬಿಬ್ಬಾದ. ತಾಲೀಮಿನಲ್ಲಿ ಇಂಥದ್ದನ್ನು ನಾವು ಯೋಚಿಸಿಯೇ ಇರಲಿಲ್ಲ.

ಇದೇ ಪುಣೆಯಲ್ಲಿ ಜ್ಯೋತಿಬಾ ಫುಲೆ 1855ರಲ್ಲಿ ‘ತೃತೀಯ ರತ್ನ’ ಅನ್ನುವ ನಾಟಕ ಬರೆದರು. ಜೋಯಿಸನೊಬ್ಬ ಬಡ ರೈತ ದಂಪತಿಯನ್ನು ಹೆದರಿಸಿ ಸುಲಿಯುವ ಕಥೆ. ನಡುನಡುವೆ ವಿದೂಷಕ ಬಾಯಿ ಹಾಕುತ್ತಾನೆ, ನಮ್ಮ ದೊಡ್ಡಾಟದ ಸಾರಥಿಯಂತೆ. ಪುಸ್ತಕಗಳಿಗೆ ಕೊಡುತ್ತಿದ್ದ ದಕ್ಷಿಣಾ ಬಹುಮಾನದ ಸಮಿತಿ ಆ ನಾಟಕವನ್ನು ಒಪ್ಪಲಿಲ್ಲ. ಜೋಯಿಸ ಕೊನೆಗೆ ಒಳ್ಳೆಯವನಾಗುವುದಿಲ್ಲ ಅನ್ನುವುದು ನನಗೆ ಇಷ್ಟ. ಗಂಡ ಹೆಂಡತಿ ರಾತ್ರಿ ಶಾಲೆಗೆ ಹೋಗಲು ತೀರ್ಮಾನಿಸುತ್ತಾರೆ, ಅಷ್ಟೇ. ಅಂಥ ಶಾಲೆಯನ್ನು ಫುಲೆ ದಂಪತಿ ಊರಲ್ಲಿ ನಿಜವಾಗಿಯೂ ನಡೆಸುತ್ತಿದ್ದರು. ನಾಟಕ ನೋಡಿ ಎದ್ದವನಿಗೆ ಹೋಗಲು ಒಂದು ಬಾಗಿಲಿತ್ತು. ಬೀದಿ ನಾಟಕ ಮಾಡುವ ನಾವು ಬಹಳ ಸಲ ಮರೆಯುವುದು ಇದನ್ನೇ. ಅದಕ್ಕೇ ಈಗ ನಾಟಕ ಮುಗಿದ ಮೇಲೆ ನೋಂದಣಿ ಅರ್ಜಿ ತುಂಬಿಸಲು ಒಬ್ಬರನ್ನು ಕೂರಿಸುತ್ತೇನೆ.

ಮುಂದಿನ ವಾರ ಆ ಹೆಂಗಸು ಸೆರಗಿನಲ್ಲಿ ನಿಜವಾದ ನೋಟ್‌ಬುಕ್ ಸುತ್ತಿಕೊಂಡು ನಾಕಾಕ್ಕೆ ಹೋದಳು. ಮೂರು ದಿನ ಸಹಿ ಸಿಕ್ಕಿತು. ನಾಲ್ಕನೇ ದಿನ ಮುಕಾದಮ ಅವಳನ್ನು ಬಿಟ್ಟು ಪಕ್ಕದವಳನ್ನು ಗಾಡಿ ಹತ್ತಿಸಿಕೊಂಡ. ಭಾನುವಾರ ಇಬ್ಬರೂ ತಾಲೀಮಿಗೆ ಬಂದಿದ್ದರು. ಈಗ ಆ ನಾಲ್ಕನೇ ದಿನದ ದೃಶ್ಯ ಕಟ್ಟುತ್ತಿದ್ದೇವೆ. ಪಕ್ಕದವಳ ಪಾತ್ರವನ್ನು ಪಕ್ಕದವಳೇ ಮಾಡುತ್ತಿದ್ದಾಳೆ.