ಹೊಸ ಬ್ಯಾಟರಿ ಹಾಕಿದರೂ ಬೆಳಿಗ್ಗೆ ಸೆಲ್ಫ್ ತಗೊಳ್ಳಲ್ಲ, ಯಾಕೆ?

ಪ್ರಶ್ನೆ: ನಮ್ಮದು ಹಳೇ ಡೀಸೆಲ್ ಬೊಲೆರೋ ಪಿಕಪ್. ಬ್ಯಾಟರಿ ಬದಲಾಯಿಸಿ ಎರಡು ತಿಂಗಳೂ ಆಗಿಲ್ಲ. ಆಗಾಗ ಬೆಳಿಗ್ಗೆ ಸೆಲ್ಫ್ ತಗೊಳ್ಳಲ್ಲ, ಜನ ಕರೆದು ತಳ್ಳಬೇಕು. ಒಮ್ಮೆ ಸ್ಟಾರ್ಟ್ ಆದರೆ ಇಡೀ ದಿನ ಸರಿಯಾಗಿ ಓಡುತ್ತದೆ. ಮೆಕ್ಯಾನಿಕ್ ಆಲ್ಟರ್ನೇಟರ್ ಬದಲಿಸಿ ಅಂತಾರೆ. ಬ್ಯಾಟರಿ ಅಂಗಡಿಯವರು ವೈರಿಂಗ್ ನೋಡಿಸಿ ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ಮೊದಲು ಒಂದು ಡಿಜಿಟಲ್ ಮಲ್ಟಿಮೀಟರ್ ತನ್ನಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಅಗ್ಗದ್ದೇ ಸಾಕು. ಆಲ್ಟರ್ನೇಟರ್ ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ಅಳೆದು ನೋಡದೆ ಅದನ್ನು ಬಿಚ್ಚಿಸುವುದು ಸುಮ್ನೆ ದುಡ್ಡು ದಂಡ.

‘ಇಡೀ ದಿನ ಓಡುತ್ತದೆ’ ಅಂದಿರಲ್ಲ, ಅದನ್ನು ನಂಬಬೇಡಿ. ಹಳೇ ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಬೇಕಿಲ್ಲ. ಗಾಳಿಯನ್ನು ಒತ್ತಿದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಡೀಸೆಲ್ ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ. ಕೆಲವು ಪಂಪ್‌ಗಳಲ್ಲಿ ಡೀಸೆಲ್ ಬಿಡುವ ಸಣ್ಣ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಇರುತ್ತದೆ, ಅದಕ್ಕೆ ಬೇಕಾಗುವ ಕರೆಂಟ್ ತೀರಾ ಕಡಿಮೆ. ಹಾಗಾಗಿ ಆಲ್ಟರ್ನೇಟರ್ ಪೂರ್ತಿ ಸತ್ತಿದ್ದರೂ ಹಗಲಲ್ಲಿ ನಿಮಗೆ ಗೊತ್ತೇ ಆಗುವುದಿಲ್ಲ. ಪೆಟ್ರೋಲ್ ಗಾಡಿ ಆಗಿದ್ದರೆ ದಾರಿಯಲ್ಲೇ ನಿಂತು ಹೇಳುತ್ತಿತ್ತು. ಇದು ಹೇಳುವುದು ಮರುದಿನ ಬೆಳಿಗ್ಗೆ. (ಕಾಮನ್ ರೈಲ್ ಎಂಜಿನ್ ಬಂದ ಮೇಲಿನ ಗಾಡಿಗಳ ಕತೆ ಬೇರೆ. ಅವುಗಳ ಇಂಜೆಕ್ಟರ್‌ಗೂ ಕಂಪ್ಯೂಟರ್‌ಗೂ ಕರೆಂಟ್ ಬೇಕೇ ಬೇಕು.)

ಮೊದಲ ಕೆಲಸ, ಬ್ಯಾಟರಿಯನ್ನು ಅಂಗಡಿಯಲ್ಲಿ ಕೊಟ್ಟು ಪೂರ್ತಿ ಚಾರ್ಜ್ ಮಾಡಿಸಿ. ಅರೆಜೀವದ ಬ್ಯಾಟರಿ ಇಟ್ಟುಕೊಂಡು ಅಳೆದರೆ ಯಾವ ಅಂಕಿಯನ್ನೂ ನಂಬುವಂತಿಲ್ಲ. ಚಾರ್ಜ್ ಆದ ಮೇಲೆ ಕೆಲವು ಗಂಟೆ ಸುಮ್ಮನೆ ಬಿಟ್ಟು ವೋಲ್ಟ್ ನೋಡಿ. 12.6 ಹತ್ತಿರ ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಖಾಲಿ ಅಂತಲೇ ಲೆಕ್ಕ. ಆಮೇಲೆ ಸೆಲ್ಫ್ ಹೊಡೆಯುವಾಗ ಇನ್ನೊಬ್ಬರಿಗೆ ಮೀಟರ್ ನೋಡಲು ಹೇಳಿ. ಡೀಸೆಲ್ ಎಂಜಿನ್ ತಿರುಗಿಸಲು ನೂರಾರು ಆಂಪಿಯರ್ ಬೇಕು, ವೋಲ್ಟ್ ಇಳಿಯುವುದು ಸಹಜ. ಆದರೆ 9.6ಕ್ಕಿಂತ ಕೆಳಗೆ ಬಿದ್ದರೆ, ತುಂಬಿದ ಬ್ಯಾಟರಿಯೇ ಸೋಲುತ್ತಿದೆ. ಹೊಸದಾದರೂ ಸರಿ, ವಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋಗಿ.

ಈಗ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿ ಚಿತ್ರದ ಕೆಂಪು ಲೈಟ್ ಹತ್ತಿತಾ? ಎಲ್ಲರೂ ನೋಡುವುದು ಓಡುವಾಗ ಅದು ಹತ್ತುತ್ತದಾ ಅಂತ. ನಾನು ಕೇಳುವುದು ಎಂಜಿನ್ ಆಫ್ ಇದ್ದಾಗ ಹತ್ತುತ್ತದಾ ಅಂತ. ಆಲ್ಟರ್ನೇಟರ್ ಒಳಗೆ ತಿರುಗುವ ರೋಟರ್‌ನಲ್ಲಿ ಆಯಸ್ಕಾಂತ ಹುಟ್ಟಬೇಕಾದರೆ ಮೊದಲಿಗೆ ಹೊರಗಿಂದ ಸ್ವಲ್ಪ ಕರೆಂಟ್ ಹೋಗಬೇಕು. ಹಳೇ ಗಾಡಿಗಳಲ್ಲಿ ಆ ಕರೆಂಟ್ ಹೋಗುವುದು ಈ ಬಲ್ಬಿನ ಮೂಲಕವೇ. ಬಲ್ಬ್ ಸುಟ್ಟಿದ್ದರೆ, ಅಥವಾ ಅದರಿಂದ ಹೋಗುವ ತೆಳು ವೈರ್ ತುಂಡಾಗಿದ್ದರೆ, ಆಲ್ಟರ್ನೇಟರ್ ಚೆನ್ನಾಗಿದ್ದೂ ಎಚ್ಚರವಾಗುವುದಿಲ್ಲ. ಕೆಲವೊಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಉಳಿದಿದ್ದ ಆಯಸ್ಕಾಂತದಿಂದ ತಾನೇ ಶುರುವಾಗುತ್ತದೆ. ಆ ದಿನ ಚಾರ್ಜ್, ನಾಳೆ ಇಲ್ಲ. ‘ಆಗಾಗ’ ಬರುವ ತೊಂದರೆಗೆ ಇದು ದೊಡ್ಡ ಕಾರಣ. ಚೆಂದಕ್ಕೆ ಅಂತ ಡ್ಯಾಶ್‌ಬೋರ್ಡ್ ಬಲ್ಬ್‌ಗಳನ್ನೆಲ್ಲ ಎಲ್ಇಡಿ ಮಾಡಿಸಿದವರಿಗೂ ಇದೇ ಪಾಡು. ಎಲ್ಇಡಿ ಮೂಲಕ ಹೋಗುವ ಕರೆಂಟ್ ರೋಟರ್‌ಗೆ ಸಾಲದೇ ಹೋಗಬಹುದು. ಆ ಒಂದು ಜಾಗಕ್ಕೆ ಹಳೇ ಬಲ್ಬೇ ಇರಲಿ.

ಕೀ ಆನ್ ಮಾಡಿದಾಗ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಿದರೆ ಸರಿ. ಆರದೇ ಇದ್ದರೆ ಚಾರ್ಜ್ ಆಗುತ್ತಿಲ್ಲ. ಮಂಕಾಗಿ ಮಿಣುಕುತ್ತಾ ಉಳಿದರೆ ಆಲ್ಟರ್ನೇಟರ್ ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೇಲೆ ಅನುಮಾನ ಪಡಿ.

ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ನೋಡುವುದು ಒಂದು ನಿಮಿಷದ ಕೆಲಸ, ಎಂಜಿನ್ ಆಫ್ ಮಾಡಿಯೇ ನೋಡಿ. ಎರಡು ಪುಲ್ಲಿ ನಡುವೆ ಹೆಬ್ಬೆರಳಿಂದ ಒತ್ತಿದರೆ ಒಂದು ಸೆಂಟಿಮೀಟರ್‌ನಷ್ಟು ಬಗ್ಗಬೇಕು. ಹೆಡ್‌ಲೈಟ್ ಹಾಕಿದ ತಕ್ಷಣ ಕಿರ್ರ್ ಅಂದರೆ ಜಾರುತ್ತಿದೆ. ಪುಲ್ಲಿಯಲ್ಲಿ ಬೆಲ್ಟ್ ಕೂರುವ ಕಾಲುವೆಯ ತಳ ಕನ್ನಡಿಯಂತೆ ಹೊಳೆಯುತ್ತಿದೆಯಾ ಅಂತಲೂ ನೋಡಿ. ವಿ ಬೆಲ್ಟ್ ಹಿಡಿಯಬೇಕಾದ್ದು ಪಕ್ಕದ ಗೋಡೆಗಳನ್ನು. ತಳ ಮುಟ್ಟುತ್ತಿದ್ದರೆ ಸವೆದಿದೆ, ಎಷ್ಟು ಬಿಗಿ ಮಾಡಿದರೂ ಜಾರುತ್ತದೆ.

ಇನ್ನು ಮುಖ್ಯ ಅಳತೆ. ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು ಹಿಡಿಯಿರಿ. ಹೆಡ್‌ಲೈಟ್, ಬ್ಲೋವರ್ ಆನ್ ಇರಲಿ. ತೋಳು, ಟವಲ್ಲು, ಮೀಟರ್ ವೈರ್ ಯಾವುದೂ ಬೆಲ್ಟ್, ಫ್ಯಾನ್ ಕಡೆ ಹೋಗದಂತೆ ನೋಡಿಕೊಳ್ಳಿ. ಬ್ಯಾಟರಿಯ ಎರಡು ಟರ್ಮಿನಲ್ ನಡುವೆ 13.8ರಿಂದ 14.5 ವೋಲ್ಟ್ ಬಂದರೆ ಚಾರ್ಜಿಂಗ್ ಸರಿ ಇದೆ, ಕಾಯಿಲೆ ಬೇರೆ ಕಡೆ. 12.5 ಅಥವಾ ಅದಕ್ಕಿಂತ ಕಡಿಮೆ ಇದ್ದು ಇಳಿಯುತ್ತಲೇ ಹೋದರೆ ಚಾರ್ಜ್ ಆಗುತ್ತಿಲ್ಲ.

ಬಹಳ ಜನ ಇಲ್ಲಿಗೇ ನಿಲ್ಲಿಸಿ ಆಲ್ಟರ್ನೇಟರ್‌ಗೆ ಶಿಕ್ಷೆ ಕೊಡುತ್ತಾರೆ. ನಿಲ್ಲಿ, ಇನ್ನೊಂದು ಅಳತೆ ಬಾಕಿ ಇದೆ. ಮೀಟರಿನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿಗೆ ಇಡಿ, ಕಪ್ಪನ್ನು ಆಲ್ಟರ್ನೇಟರ್ ಮೈಗೆ. ಅಲ್ಲಿ 14.4 ಬರುತ್ತಿದೆ, ಬ್ಯಾಟರಿಯಲ್ಲಿ 12.9 ಮಾತ್ರ ಅಂದರೆ? ಆಲ್ಟರ್ನೇಟರ್ ದುಡಿಯುತ್ತಿದೆ, ದುಡಿಮೆ ಮನೆ ಸೇರುತ್ತಿಲ್ಲ. ಕದಿಯುವುದು ನಡುವಿನ ವೈರು. ಯಾವ ಕಡೆಯದು ಅಂತ ತಿಳಿಯಲು ಕೆಂಪನ್ನು ಆ ದಪ್ಪ ಬೋಲ್ಟಿಗೂ ಕಪ್ಪನ್ನು ಬ್ಯಾಟರಿ ಪ್ಲಸ್‌ಗೂ ಇಡಿ. 0.3 ವೋಲ್ಟ್‌ಗಿಂತ ಜಾಸ್ತಿ ಬಂದರೆ ಪ್ಲಸ್ ವೈರಿನ ತಪ್ಪು. ಆಮೇಲೆ ಆಲ್ಟರ್ನೇಟರ್ ಮೈ ಮತ್ತು ಬ್ಯಾಟರಿ ಮೈನಸ್ ನಡುವೆ ನೋಡಿ. 0.2ಕ್ಕಿಂತ ಜಾಸ್ತಿ ಬಂದರೆ ಅರ್ತ್, ಅಂದರೆ ಮೈನಸ್ ಕಡೆಯ ದಾರಿ, ಕೆಟ್ಟಿದೆ.

ಹಳೇ ಪಿಕಪ್‌ಗಳಲ್ಲಿ ಅರ್ತ್ ಕೆಡುವುದು ತುಂಬಾ ಜಾಸ್ತಿ. ಎಂಜಿನ್‌ನಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿಯೊಂದು ಹೋಗಿರುತ್ತದೆ. ಕೆಸರು, ಗೊಬ್ಬರದ ಲೋಡು, ಮೀನಿನ ಉಪ್ಪುನೀರು ಎಲ್ಲ ಕುಡಿದು ಅದು ಹಸಿರು ಬಣ್ಣಕ್ಕೆ ತಿರುಗಿರುತ್ತದೆ. ಮೇಲಿಂದ ಬೋಲ್ಟ್ ಬಿಗಿಯಾಗಿ ಕಾಣುತ್ತದೆ. ಬಿಚ್ಚಿದರೆ ಅಡಿಯಲ್ಲಿ ತುಕ್ಕು, ಪೇಂಟು. ಬ್ಯಾಟರಿ ಮೈನಸ್ ಬಿಚ್ಚಿಟ್ಟು, ಆ ಜಾಗವನ್ನು ಲೋಹ ಹೊಳೆಯುವವರೆಗೂ ಉಪ್ಪು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಪಟ್ಟಿ ಬದಲಿಸಬೇಕಾದರೂ ಆಲ್ಟರ್ನೇಟರ್ ಬೆಲೆಯ ಮುಂದೆ ಅದು ಪುಡಿಗಾಸು. ಆಲ್ಟರ್ನೇಟರಿನ ಆ ದಪ್ಪ ಬೋಲ್ಟಿನಲ್ಲಿ ಮಾತ್ರ ಯಾವಾಗಲೂ ಕರೆಂಟ್ ಇರುತ್ತದೆ, ಕೀ ತೆಗೆದರೂ. ಮೈನಸ್ ಬಿಚ್ಚದೆ ಅಲ್ಲಿಗೆ ಸ್ಪ್ಯಾನರ್ ಹಾಕಬೇಡಿ.

ವೈರ್ ಎಲ್ಲ ಸರಿ, ಬೋಲ್ಟಿನಲ್ಲೇ 14 ಬರುತ್ತಿಲ್ಲ ಅಂದರೆ ಈಗ ಆಲ್ಟರ್ನೇಟರ್ ಬಿಚ್ಚಬಹುದು. ಬಿಚ್ಚಿದ ಮಾತ್ರಕ್ಕೆ ಹೊಸದೇ ಬೇಕು ಅಂತಿಲ್ಲ. ಹೆಚ್ಚಾಗಿ ಸವೆದಿರುವುದು ರೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್. ಎಂಜಿನ್ ಓಡುವಾಗ ಆಲ್ಟರ್ನೇಟರ್ ಹಿಂಭಾಗಕ್ಕೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದಾಗ ಕೆಂಪು ಲೈಟ್ ಆರಿದರೆ ಬ್ರಷ್ ಮೇಲೆ ಬಲವಾದ ಅನುಮಾನ. ಇಲ್ಲದಿದ್ದರೆ ವೋಲ್ಟ್ ಹದದಲ್ಲಿಡುವ ರೆಗ್ಯುಲೇಟರ್, ಅಂದರೆ ಎಲೆಕ್ಟ್ರಿಷಿಯನ್ ಹೇಳುವ ಕಟೌಟ್, ಅಥವಾ ಡಯೋಡ್ ಪ್ಲೇಟ್. ಎಲ್ಲವೂ ಬಿಡಿಯಾಗಿ ಸಿಗುತ್ತವೆ.

ಹಳೇ ಬೊಲೆರೋ, ಟಾಟಾ 207ನಂಥ ಗಾಡಿಗಳಲ್ಲಿ ಇನ್ನೊಂದು ವಿಷಯವಿದೆ. ಆಲ್ಟರ್ನೇಟರ್ ಬೆನ್ನಿಗೇ ವ್ಯಾಕ್ಯೂಮ್ ಪಂಪ್ ಅಂಟಿಕೊಂಡಿರುತ್ತದೆ. ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಕೊಡುವುದು ಅದೇ. ಅದಕ್ಕೆ ಎಂಜಿನ್ ಆಯಿಲ್ ಹೋಗಿ ಬರುತ್ತದೆ. ನಡುವಿನ ಆಯಿಲ್ ಸೀಲ್ ಹೋದರೆ ಆಯಿಲ್ ಆಲ್ಟರ್ನೇಟರ್ ಒಳಗೆ ನುಗ್ಗುತ್ತದೆ. ಬ್ರಷ್, ಅದು ಉಜ್ಜುವ ಸ್ಲಿಪ್ ರಿಂಗ್ ಎಲ್ಲ ಕಪ್ಪು ಮಡ್ಡಿಯಾಗಿ ಚಾರ್ಜ್ ನಿಲ್ಲುತ್ತದೆ. ಸೀಲ್ ಬಿಟ್ಟು ಬ್ರಷ್ ಮಾತ್ರ ಬದಲಿಸಿದರೆ ಕೆಲವೇ ದಿನಕ್ಕೆ ಮತ್ತೆ ಅದೇ ಗೋಳು. ಆಲ್ಟರ್ನೇಟರ್ ಹಿಂದೆ ಆಯಿಲ್ ಜಿನುಗಿದ್ದು ಕಂಡರೆ ಸೀಲನ್ನು ಬಾಯಿಬಿಟ್ಟು ಕೇಳಿ ಹಾಕಿಸಿ. ಹಾಗೆಯೇ ಓಡುವಾಗ ಬೆಲ್ಟ್ ತುಂಡಾದರೆ ಹೋಗುವುದು ಚಾರ್ಜ್ ಒಂದೇ ಅಲ್ಲ. ಪಂಪ್ ನಿಂತು, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಲೋಡ್ ಹೊತ್ತು ಘಾಟಿ ಇಳಿಯುವವರು ಕೆಂಪು ಲೈಟ್ ಕಂಡ ತಕ್ಷಣ ಗಾಡಿ ಪಕ್ಕಕ್ಕೆ ಹಾಕಲೇಬೇಕು.

ಚಾರ್ಜಿಂಗ್ ಪೂರ್ತಿ ಸರಿ ಇದ್ದೂ ಬೆಳಿಗ್ಗೆ ಬ್ಯಾಟರಿ ಖಾಲಿಯಾದರೆ ರಾತ್ರಿ ಯಾವುದೋ ಕರೆಂಟ್ ಕುಡಿಯುತ್ತಿದೆ. ಇದಕ್ಕೆ ಮೀಟರ್ ಇಲ್ಲದ ಪರೀಕ್ಷೆ ಒಂದಿದೆ. ರಾತ್ರಿಯಿಡೀ ನಿಂತ ಗಾಡಿಯ ಬಾನೆಟ್ ಎತ್ತಿ, ಎಂಜಿನ್ ಮುಟ್ಟಿ, ಆಮೇಲೆ ಆಲ್ಟರ್ನೇಟರ್ ಮುಟ್ಟಿ. ಎಂಜಿನ್ ತಣ್ಣಗಿದ್ದು ಆಲ್ಟರ್ನೇಟರ್ ಮಾತ್ರ ಬೆಚ್ಚಗಿದ್ದರೆ ಡಯೋಡ್ ಸೋರುತ್ತಿದೆ. ಅದೂ ತಣ್ಣಗಿದ್ದರೆ ಮೈನಸ್ ಬಿಚ್ಚಿ, ಟರ್ಮಿನಲ್‌ಗೂ ವೈರಿಗೂ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್‌ನಲ್ಲಿ ಸೇರಿಸಿ. ಕೀ ತೆಗೆದಿರಬೇಕು, ಸೆಲ್ಫ್ ಹೊಡೆದರೆ ಮೀಟರ್ ಉಳಿಯುವುದಿಲ್ಲ. 0.05 ಆಂಪಿಯರ್ ಮೀರಿದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಆಮೇಲೆ ಹಾಕಿಸಿದ ಸ್ಟೀರಿಯೋ, ಆಂಪ್ಲಿಫೈಯರ್, ಜಿಪಿಎಸ್.

ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ನೋಡಿ, ಓಡ್ತಾ ಇದೆ, ಆಲ್ಟರ್ನೇಟರ್ ಚೆನ್ನಾಗಿದೆ’ ಅನ್ನುವವರು ಈಗಲೂ ಇದ್ದಾರೆ. ಹಳೇ ಡೀಸೆಲ್ ಹೇಗೂ ಓಡುತ್ತದೆ, ಆಗಲೇ ಹೇಳಿದೆನಲ್ಲ. ಪರೀಕ್ಷೆಯೇ ಸುಳ್ಳು. ಅದರ ಮೇಲೆ, ಚಾರ್ಜ್ ಆಗುತ್ತಿರುವ ಆಲ್ಟರ್ನೇಟರ್‌ನಿಂದ ಬ್ಯಾಟರಿ ಕಿತ್ತರೆ ವೋಲ್ಟ್ ಒಮ್ಮೆಲೇ ಮೇಲಕ್ಕೆ ಹಾರಿ ಡಯೋಡ್, ರೆಗ್ಯುಲೇಟರ್ ಸುಡಬಹುದು. ಯಾರಾದರೂ ಕೈ ಹಾಕಿದರೆ ತಡೆಯಿರಿ.

ವೋಲ್ಟ್ 15 ದಾಟುತ್ತಿದ್ದರೆ ರೆಗ್ಯುಲೇಟರ್ ಹೋಗಿದೆ. ಬ್ಯಾಟರಿ ನೀರು ಬೇಗ ಇಳಿಯುತ್ತದೆ, ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಬಲ್ಬ್‌ಗಳು ಸಾಲಾಗಿ ಸುಡುತ್ತವೆ. ಹೊಸ ಬ್ಯಾಟರಿ ಹೀಗೂ ಸಾಯುತ್ತದೆ.

ರಿಪೇರಿ ಆದ ಮೇಲೆ ದುಡ್ಡು ಕೊಡುವ ಮುಂಚೆ ಹೆಡ್‌ಲೈಟ್ ಹಾಕಿಸಿ, ಬೋಲ್ಟಿನಲ್ಲಿ ಒಮ್ಮೆ, ಬ್ಯಾಟರಿಯಲ್ಲಿ ಒಮ್ಮೆ ಮತ್ತೆ ಅಳೆಯಿರಿ. ಹಳೇ ಬ್ರಷ್, ಹಳೇ ಸೀಲ್ ಕೇಳಿ ತೆಗೆದುಕೊಂಡು ಬನ್ನಿ.