ಬೈಕ್ ವಿಡಿಯೊದಲ್ಲಿ ಓಟ ಕಾಣಬೇಕು: ಆ್ಯಕ್ಷನ್ ಕ್ಯಾಮೆರಾ ಕಲಿಯುವವರಿಗೆ ಒಂದಿಷ್ಟು ಟಿಪ್ಪಣಿ

ಚಾರ್ಮಾಡಿ ಘಾಟಿಯ ಒಂದೇ ತಿರುವಿನಲ್ಲಿ ಆ್ಯಕ್ಷನ್ ಕ್ಯಾಮೆರಾದಿಂದ (ಹೆಲ್ಮೆಟ್ಟಿಗೋ ಗಾಡಿಗೋ ಬಿಗಿಯುವ ಪುಟ್ಟ ಕ್ಯಾಮೆರಾ) ತೆಗೆದ ಎರಡು ಕ್ಲಿಪ್ ನನ್ನ ಹತ್ತಿರ ಇವೆ. ಅದೇ ಗಾಡಿ, ಅದೇ ಹೆಲ್ಮೆಟ್, ಹೆಚ್ಚುಕಮ್ಮಿ ಅದೇ ವೇಗ. ಒಂದೊಂದೇ ಫ್ರೇಮ್ ಸರಿಸುತ್ತಾ ನೋಡಿದರೆ ಮೊದಲನೆಯದರಲ್ಲಿ ರಸ್ತೆಯ ಜಲ್ಲಿಯನ್ನು ಎಣಿಸಬಹುದು. ತಡೆಗೋಡೆ ಮೇಲಿನ ಪಾಚಿ ಕೂಡ ಸ್ಪಷ್ಟವಾಗಿದೆ. ಎರಡನೆಯದರಲ್ಲಿ ರಸ್ತೆ ನೂಲು ಎಳೆದ ಹಾಗಿದೆ, ಟ್ಯಾಂಕು ಮತ್ತು ಕನ್ನಡಿ ಮಾತ್ರ ನಿಚ್ಚಳ. ಓಡಿಸಿ ನೋಡಿದರೆ ಮೊದಲನೆಯದು ತಡವರಿಸುತ್ತದೆ, ಎರಡನೆಯದು ಹರಿಯುತ್ತದೆ.

ವ್ಯತ್ಯಾಸ ಒಂದೇ. ಮೊದಲನೆಯದರಲ್ಲಿ ಶಟರ್ ಸ್ಪೀಡ್, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು, ಆಟೊದಲ್ಲಿತ್ತು. ಎರಡನೆಯದರಲ್ಲಿ ಅದನ್ನು 1/50 ಸೆಕೆಂಡಿಗೆ ಕಟ್ಟಿಹಾಕಿದ್ದೆ. ಬಣ್ಣ, ಮೇಲೆ ಕೆಳಗೆ ಕಪ್ಪು ಪಟ್ಟಿ, ಇವೆಲ್ಲ ಆಮೇಲಿನ ಮಾತು. ‘ಸಿನಿಮಾ ಥರ ಇದೆ’ ಅಂತ ಅನ್ನಿಸುವುದರಲ್ಲಿ ಮುಕ್ಕಾಲು ಪಾಲು ಈ ಶಟರ್‌ನದೇ ಅಂತ ನನಗೆ ಈಗ ಖಾತ್ರಿಯಾಗಿದೆ. ಅದಕ್ಕೇ ಈ ಟಿಪ್ಪಣಿಯಲ್ಲಿ ಅದಕ್ಕೆ ಜಾಸ್ತಿ ಜಾಗ.

ಶಟರ್ ಮತ್ತು ಕಪ್ಪು ಗಾಜು

ಮುಖದ ಮುಂದೆ ಕೈ ಬೀಸಿ ನೋಡಿ. ಬೆರಳು ಮಸುಕಾಗುತ್ತದೆ, ಅಲ್ವಾ? ನಮ್ಮ ಕಣ್ಣಿಗೆ ವೇಗ ಅಂದರೆ ಆ ಮಸುಕು. ಸಿನಿಮಾದವರ ರೂಢಿ ಹೀಗಿದೆ: ಸೆಕೆಂಡಿಗೆ ಎಷ್ಟು ಫ್ರೇಮೋ ಅದರ ಎರಡರಷ್ಟು ಶಟರ್. 24 ಫ್ರೇಮಿಗೆ 1/48, 25ಕ್ಕೆ 1/50, 30ಕ್ಕೆ 1/60. ಹಳೇ ಫಿಲಂ ಕ್ಯಾಮೆರಾದೊಳಗೆ ಅರ್ಧ ವೃತ್ತದಷ್ಟು ತೆರೆದ ತಟ್ಟೆಯೊಂದು ತಿರುಗುತ್ತಿತ್ತು. ‘180 ಡಿಗ್ರಿ ನಿಯಮ’ ಅನ್ನುವ ಹೆಸರು ಅದರಿಂದ ಬಂದದ್ದು.

ನಾನು 25 ಫ್ರೇಮಿಗೆ ಅಂಟಿಕೊಂಡಿದ್ದೇನೆ. ನಮ್ಮ ಕರೆಂಟು 50 ಹರ್ಟ್ಸ್. 25 ಫ್ರೇಮ್, 1/50 ಶಟರ್ ಇದ್ದರೆ ಹೋಟೆಲಿನ ಟ್ಯೂಬ್‌ಲೈಟು, ಬೀದಿ ದೀಪ ವಿಡಿಯೊದಲ್ಲಿ ಮಿಣುಕುವುದಿಲ್ಲ. ಕೆಲವು ಕ್ಯಾಮೆರಾಗಳಲ್ಲಿ ಆ್ಯಂಟಿ ಫ್ಲಿಕರ್ ಅನ್ನುವ ಕಡೆ 50 ಹರ್ಟ್ಸ್ ಆರಿಸಿದ ಮೇಲೇ 25 ಕಾಣಿಸಿಕೊಳ್ಳುತ್ತದೆ.

ತೊಂದರೆ ಶುರುವಾಗುವುದು ಬಿಸಿಲಲ್ಲಿ. ಆ್ಯಕ್ಷನ್ ಕ್ಯಾಮೆರಾದ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಸಾಮಾನ್ಯವಾಗಿ ಬದಲಾಗುವುದಿಲ್ಲ. ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್/2.8ರ ಆಸುಪಾಸಿನಲ್ಲಿ ಸದಾ ತೆರೆದೇ ಇರುತ್ತದೆ. ಹಳೇ ಫೋಟೊಗ್ರಾಫರುಗಳ ಲೆಕ್ಕದ ಪ್ರಕಾರ ನೆತ್ತಿ ಬಿಸಿಲಿಗೆ ಎಫ್/16, ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100, ಶಟರ್ 1/100. ಎಫ್/16ರಿಂದ 2.8ಕ್ಕೆ ಬಂದರೆ ಐದು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಬೆಳಕು ಎರಡರಷ್ಟಾಗುವುದರಿಂದ ಶಟರ್ 1/3200ಕ್ಕೆ ಓಡುತ್ತದೆ. ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಜಲ್ಲಿ ಎಣಿಸಲು ಬಂದದ್ದು ಅದಕ್ಕೇ.

3200ರಿಂದ 50ಕ್ಕೆ ಇಳಿಸಬೇಕಾದರೆ ಬೆಳಕನ್ನು 64ರಲ್ಲಿ ಒಂದು ಪಾಲಿಗೆ ತಗ್ಗಿಸಬೇಕು. ಆ ಕೆಲಸ ಮಾಡುವ ಕಪ್ಪು ಗಾಜೇ ಎನ್‌ಡಿ ಫಿಲ್ಟರ್. ಎನ್‌ಡಿ64 ಅಂದರೆ ಸರಿಯಾಗಿ ಅಷ್ಟೇ ತಗ್ಗಿಸುವಂಥದ್ದು. ಮೋಡ ಇದ್ದರೆ ಎನ್‌ಡಿ16 ಅಥವಾ ಎನ್‌ಡಿ8 ಸಾಕು. ದಟ್ಟ ಮರಗಳ ಕೆಳಗೆ ತೆಗೆದಿಡಿ. ಲೆಕ್ಕ ಒಮ್ಮೆ ಕೈಗೆ ಬಂದರೆ ಆಕಾಶ ನೋಡಿಯೇ ಯಾವುದು ಹಾಕಬೇಕೆಂದು ಗೊತ್ತಾಗುತ್ತದೆ. ಐಎಸ್‌ಒ ಮಾತ್ರ 100ರಿಂದ 400ರೊಳಗೆ ಕಟ್ಟಿಡಿ. ಸ್ವಲ್ಪ ಏರಿಳಿತಕ್ಕೆ ಅಷ್ಟು ಅವಕಾಶ ಬೇಕು.

ಇಲ್ಲಿ ತುಂಬ ಜನ ಎಡವುವ ಒಂದು ವಿಷಯ ಇದೆ. ಕ್ಯಾಮೆರಾದ ಸ್ಟೆಬಿಲೈಸೇಶನ್ ಪ್ರತಿ ಫ್ರೇಮನ್ನೂ ಪಕ್ಕಕ್ಕೆ ಸರಿಸಿ, ಅಂಚು ಕತ್ತರಿಸಿ, ಕುಲುಕಾಟ ಅಡಗಿಸುತ್ತದೆ. ಆದರೆ ಶಟರ್ ತೆರೆದಿದ್ದ ಆ ಕ್ಷಣದಲ್ಲಿ ಕ್ಯಾಮೆರಾ ಅಲುಗಿ ಮೂಡಿದ ಮಸುಕನ್ನು ಅದು ಅಳಿಸಲಾರದು. ಗುಂಡಿಗೆ ಇಳಿದಾಗ ದೃಶ್ಯ ಅಲುಗುವುದಿಲ್ಲ, ಆದರೂ ಇಡೀ ಚಿತ್ರ ಒಂದು ಸಲ ಕಲಸಿ ಮತ್ತೆ ತಿಳಿಯಾಗುತ್ತದೆ. ನೋಡುವವರಿಗೆ ಕಣ್ಣು ನೋವು. ಅದಕ್ಕೆ ನನ್ನ ಅಭ್ಯಾಸ ಇದು: ಗಾಡಿಯ ಮೈಗೆ ಬಿಗಿದ ಕ್ಯಾಮೆರಾಗೆ 1/50. ಹೆಲ್ಮೆಟ್ಟಿನದಕ್ಕೆ, ತಲೆ ಸದಾ ಆಡುವುದರಿಂದ, 1/100, ಅಂದರೆ ಬಿಸಿಲಿಗೆ ಎನ್‌ಡಿ32. ರಸ್ತೆ ಕೆಟ್ಟಿದ್ದರೆ 1/200ರವರೆಗೂ ಹೋಗುತ್ತೇನೆ. ನಿಯಮಕ್ಕಿಂತ ಕಣ್ಣು ಮುಖ್ಯ.

ಎಲ್ಲಿ ಕಟ್ಟಬೇಕು

ಹೆಲ್ಮೆಟ್ಟಿನ ಗದ್ದದ ಹತ್ತಿರ ಕಟ್ಟಿದರೆ ಕೈ, ಹ್ಯಾಂಡಲ್, ಮೀಟರ್ ಎಲ್ಲ ಚೌಕಟ್ಟಿನೊಳಗೆ ಬರುತ್ತವೆ. ಓಡಿಸುವವನ ಕಣ್ಣಿನ ನೋಟವೇ ಸಿಗುತ್ತದೆ. ಹೆಲ್ಮೆಟ್ಟಿನ ನೆತ್ತಿಯ ಮೇಲೆ ಕಟ್ಟಿದ್ದು ನನಗೆ ಇಷ್ಟವಿಲ್ಲ. ಗಾಳಿ ಎಳೆಯುತ್ತದೆ, ಬಿದ್ದರೆ ಅಪಾಯ, ಚಿತ್ರವೂ ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ. ಕೇರಳದ ಕಡೆ ಹೋಗುವವರಿಗೆ ಒಂದು ಮಾತು: ಅಲ್ಲಿನ ಮೋಟಾರು ವಾಹನ ಇಲಾಖೆ 2022ರಲ್ಲಿ ಹೆಲ್ಮೆಟ್ ಮೇಲೆ ಕ್ಯಾಮೆರಾ ಕೂಡದು ಎಂದಿತು. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಅಗಲ ಲೆನ್ಸು ಬೆಟ್ಟವನ್ನು ಚಿಕ್ಕದು ಮಾಡುತ್ತದೆ, ಇಳಿಜಾರನ್ನು ಚಪ್ಪಟೆ ಮಾಡುತ್ತದೆ. ಅದಕ್ಕೆ ಹತ್ತಿರದ ವಸ್ತು ಬೇಕು. ಕ್ರ್ಯಾಶ್ ಗಾರ್ಡಿನ ಕೆಳಗೆ, ನೆಲದಿಂದ ಒಂದೂವರೆ ಅಡಿ ಮೇಲೆ ಕ್ಯಾಮೆರಾ ಕಟ್ಟಿ 40 ಕಿ.ಮೀ. ವೇಗದಲ್ಲಿ ಹೋಗಿ. ರಸ್ತೆಯ ಬಿಳಿ ಗೆರೆ ಬಾಣದ ಹಾಗೆ ಹೋಗುತ್ತದೆ. ಅದೇ 40 ಹೆಲ್ಮೆಟ್ಟಿನಿಂದ ನೋಡಿದರೆ ಸೈಕಲ್ ಹೊಡೆದಂತೆ. ವಿಡಿಯೊದಲ್ಲಿ ವೇಗ ಕಾಣಲಿ ಅಂತ ಘಾಟಿಯಲ್ಲಿ ಗಾಡಿ ಎಳೆಯುವವರಿಗೆ ಇದನ್ನು ದಯವಿಟ್ಟು ಹೇಳಿ. ಕೆಳಗೆ ಕಟ್ಟಿದ ಕ್ಯಾಮೆರಾಗೆ ಇನ್ನೊಂದು ದಾರ ಕಟ್ಟುವುದನ್ನು ಮರೆಯಬೇಡಿ.

ಒಂದೇ ಸಿಲಿಂಡರಿನ ಗಾಡಿಗಳಲ್ಲಿ ಹ್ಯಾಂಡಲ್ ನಡುಗುತ್ತದೆ. ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಒಂದು ಸಾಲು ಓದಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಕ್ಯಾಮೆರಾ ಅಲುಗಿದರೆ ದೃಶ್ಯ ಜೆಲ್ಲಿಯ ಹಾಗೆ ಕುಣಿಯುತ್ತದೆ. ಉದ್ದ ತೋಳಿನ ಮೌಂಟ್ ಬೇಡ, ಗಿಡ್ಡದು ಹಾಕಿ. ನಡುವೆ ತೆಳು ರಬ್ಬರ್ ತುಂಡು ಇಡಿ. ಗೇರು ಬದಲಿಸಿ ಎಂಜಿನ್ನಿನ ಮಿಡಿತ ಬದಲಾದರೂ ಕೆಲವು ಸಲ ಹೋಗುತ್ತದೆ. ಫೋನನ್ನು ಮಾತ್ರ ಸುಮ್ನೆ ಹ್ಯಾಂಡಲ್ಲಿಗೆ ಸಿಕ್ಕಿಸಿ ಶೂಟ್ ಮಾಡಬೇಡಿ. ಬೈಕಿನ ಕಂಪನದಿಂದ ಐಫೋನಿನ ಕ್ಯಾಮೆರಾ ಕೆಡಬಹುದು ಎಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ.

ಗಾಡಿ ನಿಲ್ಲಿಸಿ

ಹೆಲ್ಮೆಟ್ ಕ್ಯಾಮೆರಾ ದಾರಿ ತೋರಿಸುತ್ತದೆ. ಹೋಗುವವನನ್ನು ತೋರಿಸುವುದಿಲ್ಲ. ಸ್ನೇಹಿತನನ್ನು ತಿರುವಿನ ಹೊರಬದಿಯಲ್ಲಿ, ರಸ್ತೆಯಿಂದ ದೂರ ನಿಲ್ಲಿಸಿ ಎರಡು ಮೂರು ಸಲ ಹಾದುಹೋಗಿ. ಇಡೀ ವಿಡಿಯೊಗೆ ಇಂಥ ಆರೇಳು ಶಾಟ್ ಇದ್ದರೂ ಅದರ ತೂಕವೇ ಬೇರೆ.

ಬೆಳಕಿನ ದಿಕ್ಕು ಮೊದಲೇ ನೋಡಿಕೊಳ್ಳಿ. ಚಾರ್ಮಾಡಿಯದು ಪಡುವಣ ಇಳಿಜಾರು. ಬೆಳಗ್ಗೆ ಬಹಳ ಹೊತ್ತು ಬೆಟ್ಟದ ನೆರಳಲ್ಲೇ ಇರುತ್ತದೆ. ಸಂಜೆ ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತಿದರೆ ಸೂರ್ಯ ಬೆನ್ನಿಗೆ, ಬೆಟ್ಟವೆಲ್ಲ ಹೊನ್ನಿನ ಬಣ್ಣ. ಇಳಿಯುವಾಗ ಬೆಳಕು ಕಣ್ಣಿಗೇ ಹೊಡೆಯುತ್ತದೆ, ಲೆನ್ಸಿನ ಮೇಲಿನ ಒಂದೊಂದು ಧೂಳಿನ ಕಣವೂ ಕಾಣುತ್ತದೆ. ಮಳೆಗಾಲದ ಕಾವಳದಲ್ಲಿ ಜೇಬಿನಲ್ಲಿ ಒಣ ಬಟ್ಟೆ ಇರಲಿ. ಗಾಡಿ ನಿಲ್ಲಿಸಿದಾಗಲೆಲ್ಲ ಲೆನ್ಸ್ ಒರೆಸಿ.

ಬೆಳಕಿಗೆ ತಕ್ಕಂತೆ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು 5500 ಕೆಲ್ವಿನ್‌ಗೆ ಕಟ್ಟಿಬಿಡಿ. ಆಟೊದಲ್ಲಿದ್ದರೆ ಕಾಡಿನ ನೆರಳು ಹೊಕ್ಕ ಕೂಡಲೇ ಶಾಟಿನ ಮಧ್ಯದಲ್ಲೇ ಬಣ್ಣ ತಿರುಗುತ್ತದೆ, ಎಡಿಟ್‌ನಲ್ಲಿ ಅದನ್ನು ಸರಿಮಾಡುವುದು ಕಷ್ಟ. ಮೆಮೊರಿ ಕಾರ್ಡ್ ವಿ30 (ಬರೆದುಕೊಳ್ಳುವ ವೇಗದ ದರ್ಜೆ) ಗುರುತಿನದಾಗಿರಲಿ.

ಎಡಿಟ್ ಮಾಡುವಾಗ

ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯೇ ಸಾಕು, 4ಕೆ ವರೆಗೆ ಹೊರಬರುತ್ತದೆ. ನಿಧಾನಗತಿ ಬೇಕಿದ್ದ ಶಾಟನ್ನು 50 ಫ್ರೇಮಿನಲ್ಲಿ ತೆಗೆದು 25ರ ಟೈಮ್‌ಲೈನಿಗೆ ಹಾಕಿದರೆ ನಯವಾಗಿ ಅರ್ಧ ವೇಗ ಸಿಗುತ್ತದೆ.

ಕತ್ತರಿಸುವ ಜಾಗ ಮುಖ್ಯ. ಗಾಡಿ ತಿರುವಿಗೆ ವಾಲಲು ಶುರುವಾದ ಗಳಿಗೆಯಲ್ಲಿ ಕತ್ತರಿಸಿ, ಮುಂದಿನ ಶಾಟಿನಲ್ಲೂ ಅದೇ ಕಡೆಗೆ ವಾಲುತ್ತಿರಲಿ. ಕಣ್ಣು ಕತ್ತರಿಯನ್ನು ಗಮನಿಸುವುದೇ ಇಲ್ಲ. ಗಾಡಿ ಎಡದಿಂದ ಬಲಕ್ಕೆ ಹೋಗುತ್ತಿದ್ದರೆ ಮುಂದಿನ ಶಾಟಿನಲ್ಲೂ ಹಾಗೇ ಹೋಗಬೇಕು. ಇಲ್ಲದಿದ್ದರೆ ವಾಪಸ್ ಬಂದ ಹಾಗೆ ಕಾಣುತ್ತದೆ. ಹೇರ್‌ಪಿನ್‌ನಲ್ಲಿ ದಿಕ್ಕು ಬದಲಾಗಲೇಬೇಕಲ್ಲ, ಆಗ ನಡುವೆ ಎದುರಿನಿಂದ ಬರುವ ಶಾಟೋ ಚಕ್ರದ ಹತ್ತಿರದ ಶಾಟೋ ಹಾಕಿ.

ಇನ್ನು ಶಬ್ದ. ಕ್ಯಾಮೆರಾದ ಮೈಕಿಗೆ ಗಾಳಿ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಆ ಗಾಳಿಯನ್ನು ಮುಚ್ಚಲು ಪೂರ್ತಿ ಹಾಡು ಹಾಕಿದರೆ ಗಾಡಿಗೆ ಜೀವವೇ ಇರುವುದಿಲ್ಲ. ಚಿಕ್ಕ ರೆಕಾರ್ಡರನ್ನು ಸ್ಪಂಜಿನಲ್ಲಿ ಸುತ್ತಿ ಸೀಟಿನ ಹಿಂದಿನ ಬ್ಯಾಗಿನಲ್ಲಿಡಿ, ಸೈಲೆನ್ಸರಿನ ಬಾಯಿಗೆ ನೇರವಾಗಿ ಬೇಡ. ಹೊರಡುವ ಮುಂಚೆ ಕ್ಯಾಮೆರಾ ಎದುರು ಒಂದು ಚಪ್ಪಾಳೆ ತಟ್ಟಿದರೆ ಆಮೇಲೆ ಎರಡನ್ನೂ ಜೋಡಿಸುವುದು ಸುಲಭ. ಎಂಜಿನ್ನಿನ ಸದ್ದು ಚಿತ್ರಕ್ಕಿಂತ ಒಂದು ಸೆಕೆಂಡ್ ಮುಂಚೆ ಕೇಳಿಸಲಿ, ನೋಡುವವರು ತಾವಾಗಿಯೇ ತಿರುವಿನ ಕಡೆ ನೋಡುತ್ತಾರೆ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆಗೆ ನಿಲ್ಲಿಸುತ್ತೀರಲ್ಲ, ಆಗ ಗಾಡಿ ಆಫ್ ಮಾಡಿದ ಕೂಡಲೇ ಒಳಗೆ ಓಡಬೇಡಿ. ಬಿಸಿ ಸೈಲೆನ್ಸರ್ ತಣ್ಣಗಾಗುತ್ತಾ ಟಿಕ್ ಟಿಕ್ ಅನ್ನುತ್ತದೆ. ರೆಕಾರ್ಡರನ್ನು ಹತ್ತಿರ ಹಿಡಿದು ಅದನ್ನು ಅರ್ಧ ನಿಮಿಷ ತುಂಬಿಸಿಕೊಳ್ಳಿ. ಕೊನೆಯ ಶಾಟಿನ ಕೆಳಗೆ ಹಾಕಲು ಬೇಕಾಗುತ್ತದೆ.