ಉಚಿತ ಆಟಕ್ಕೆ ದುಡ್ಡು ಕೊಡುವವರು ಯಾರು?

ಕ್ಯಾಂಡಿ ಕ್ರಷ್ ಎಂಬ ಮೊಬೈಲ್ ಆಟ ಆಡುವವರ ಕೈಯಲ್ಲಿ ಐದು ಜೀವಗಳಿರುತ್ತವೆ, ಸೋತಾಗಲೆಲ್ಲ ಒಂದು ಹೋಗುತ್ತದೆ. ಅವು ಮುಗಿದರೆ ಒಂದು ಜೀವ ಮರಳಲು 30 ನಿಮಿಷ ಕಾಯಬೇಕು. ಅಷ್ಟು ತಾಳ್ಮೆ ಇಲ್ಲದವರು ಹಣ ಕೊಟ್ಟು ಆಟ ಮುಂದುವರಿಸಬಹುದು. ಆಟ ಉಚಿತವಾಗಿಯೇ ಇದೆ, ಮಾರಾಟಕ್ಕಿರುವುದು ಆ ಅರ್ಧ ಗಂಟೆ.

ಈ ಪದ್ಧತಿಗೆ ಆರಂಭದಲ್ಲೇ ದಾರಿ ಮಾಡಿಕೊಟ್ಟವರಲ್ಲಿ ದಕ್ಷಿಣ ಕೊರಿಯಾದ ನೆಕ್ಸಾನ್ ಕಂಪನಿಯೂ ಒಂದು. 1999ರಲ್ಲಿ ಬಂದ ತನ್ನ ಕ್ವಿಜ್‌ಕ್ವಿಜ್ ಆಟವನ್ನು ಅದು ಮುಂದೆ ಉಚಿತಗೊಳಿಸಿ, ಆಟದೊಳಗಿನ ವಸ್ತುಗಳನ್ನು ಮಾರಿ ಸಂಪಾದಿಸತೊಡಗಿತು. 2009ರಲ್ಲಿ ಜಿಂಗಾ ಕಂಪನಿಯ ಫಾರ್ಮ್‌ವಿಲ್ ಎಂಬ ಇಂಥದೇ ಉಚಿತ ಬೇಸಾಯದ ಆಟ ಫೇಸ್‌ಬುಕ್‌ಗೆ ಬಂತು. ಉಚಿತ ಆ್ಯಪ್‌ಗಳ ಒಳಗೂ ಮಾರಾಟ ಮಾಡಲು ಆಪಲ್ ಅನುಮತಿ ಕೊಟ್ಟದ್ದೂ ಅದೇ ವರ್ಷ. ಮರುವರ್ಷ ಜಿಂಗಾ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು.

ಹಾಗಾದರೆ ಹಣ ಕೊಡುವವರೆಷ್ಟು ಮಂದಿ? ಕ್ಯಾಂಡಿ ಕ್ರಷ್ ತಯಾರಿಸಿದ ಕಿಂಗ್ ಕಂಪನಿ ಷೇರು ಪೇಟೆಗೆ ಇಳಿಯುವಾಗ ಕೊಟ್ಟ ಲೆಕ್ಕದ ಪ್ರಕಾರ, 2013ರ ಕೊನೆಯಲ್ಲಿ ಅದರ ಆಟಗಳನ್ನು ತಿಂಗಳಿಗೆ ಸುಮಾರು 30 ಕೋಟಿ ಜನ ಆಡುತ್ತಿದ್ದರು. ಹಣ ಕೊಡುತ್ತಿದ್ದವರು ಸುಮಾರು 1.2 ಕೋಟಿ, ಅಂದರೆ ನೂರಕ್ಕೆ ನಾಲ್ವರು. ಇಂಥವರಲ್ಲಿ ಅತಿ ಹೆಚ್ಚು ಖರ್ಚು ಮಾಡುವವರನ್ನು ಈ ಉದ್ಯಮ ‘ತಿಮಿಂಗಿಲ’ ಎಂದು ಕರೆಯುತ್ತದೆ. ಜೂಜುಕಟ್ಟೆಗಳಲ್ಲಿ ಬಳಕೆಯಲ್ಲಿದ್ದ ಈ ಮಾತು ಗಿರಾಕಿಯನ್ನು ಬೇಟೆಯ ಪ್ರಾಣಿಯಂತೆ ಕಾಣುತ್ತದೆ ಎಂಬುದೇ ನನ್ನ ತಕರಾರು. ಉಳಿದ ತೊಂಬತ್ತಾರು ಮಂದಿಯೂ ಬಿಟ್ಟಿಯಾಗಿ ಆಡುತ್ತಿಲ್ಲ. ಅನೇಕ ಆಟಗಳಲ್ಲಿ ಅವರು ಜಾಹೀರಾತು ನೋಡಿ ತಮ್ಮ ಸಮಯವನ್ನು ತೆರುತ್ತಾರೆ, ಹಣ ಕೊಟ್ಟವರಿಗೆ ಎದುರಾಳಿಗಳಾಗಿಯೂ ಪ್ರೇಕ್ಷಕರಾಗಿಯೂ ಒದಗುತ್ತಾರೆ.

ಎಷ್ಟೋ ಸಲ ಕೊಳ್ಳುವುದು ಮಗು, ದುಡ್ಡು ತೆರುವುದು ಹೆತ್ತವರು. ಆಪಲ್ ಫೋನಿನಲ್ಲಿ ಒಮ್ಮೆ ಪಾಸ್‌ವರ್ಡ್ ಒತ್ತಿದರೆ ಮುಂದಿನ 15 ನಿಮಿಷ ಮತ್ತೆ ಕೇಳದೆಯೇ ಖರೀದಿ ನಡೆಯುತ್ತಿತ್ತು. ಸಾಕುಪ್ರಾಣಿಗಳ ಆಟವೊಂದರಲ್ಲಿ ತನ್ನ ಮಗಳು 2,600 ಡಾಲರ್ ಕಳೆದಳೆಂದು ಒಬ್ಬ ತಾಯಿ ದೂರಿದ್ದರು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಪ್ರಕರಣದಲ್ಲಿ ಆಪಲ್ ಕನಿಷ್ಠ 3.25 ಕೋಟಿ ಡಾಲರ್ ಮರಳಿಸಲು 2014ರಲ್ಲಿ ಒಪ್ಪಿತು. ಫೋರ್ಟ್‌ನೈಟ್ ಆಟದಲ್ಲಿ ಒಂದೇ ಗುಂಡಿ ತಪ್ಪಿ ಒತ್ತಿದರೂ ಹಣ ಹೋಗುತ್ತಿತ್ತು ಎಂಬ ಆರೋಪಕ್ಕೆ ಅದನ್ನು ತಯಾರಿಸಿದ ಎಪಿಕ್ ಗೇಮ್ಸ್ 2022ರಲ್ಲಿ 24.5 ಕೋಟಿ ಡಾಲರ್ ಮರಳಿಸಲು ಒಪ್ಪಬೇಕಾಯಿತು.

ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಗೆಲ್ಲುವ ಆಸೆಯಿಂದ ಹಣ ಹೂಡಿ ಆಡುವ ಆಟಗಳನ್ನು ಮಾತ್ರ. ಪಬ್‌ಜಿಯ ಭಾರತೀಯ ರೂಪವಾದ ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ ಆಡುವ ಹುಡುಗನೊಬ್ಬ ಅಪ್ಪನ ಫೋನಿನಿಂದ ರೂಪಾಯಿ ಕೊಟ್ಟು ‘ಯುಸಿ’ ಎಂಬ ಆಟದೊಳಗಿನ ನಾಣ್ಯ ಕೊಂಡು, ಆ ಯುಸಿಯಿಂದ ತನ್ನ ಬಂದೂಕಿಗೆ ಹೊಸ ಬಣ್ಣ ಹಾಕಿಸಿದರೆ, ಆ ನಿಷೇಧ ಅವನಿಗೆ ತಟ್ಟುವುದಿಲ್ಲ, ಅವನು ಗೆಲ್ಲಬೇಕಾದ ಹಣವೇ ಅಲ್ಲಿಲ್ಲ.